ಕುಡಿದವನ ಗೊರಕೆಯನ್ನು ನಂಬಬೇಡಿ

ಮುಂಬೈಯ ಹೋಟೆಲ್ ಅಟ್ಟಗಳಲ್ಲಿ, ಡೊಂಬಿವಲಿಯ ಬಾಡಿಗೆ ಕೋಣೆಗಳಲ್ಲಿ, ಊರಿನ ಹುಡುಗರು ಒಟ್ಟಿಗಿರುವ ಕಡೆಯಲ್ಲೆಲ್ಲ ಒಂದು ಮಾತುಂಟು: “ಜಾಸ್ತಿ ಆಗಿದೆ, ಮಲಗ್ಲಿ ಬಿಡು, ಬೆಳಿಗ್ಗೆ ಸರಿಹೋಗ್ತಾನೆ.” ಲಿವರ್ ಹಾಳಾಗುವ ವಿಷಯ ಎಲ್ಲರಿಗೂ ಗೊತ್ತು. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2019ರಲ್ಲಿ ಜಗತ್ತಿನಾದ್ಯಂತ ಮದ್ಯದಿಂದಾದ 26 ಲಕ್ಷ ಸಾವುಗಳಲ್ಲಿ 7 ಲಕ್ಷ 24 ಸಾವಿರ ಸಾವುಗಳಿಗೆ ಕಾರಣ ಗಾಯಗಳು. ಮರಣಪತ್ರದಲ್ಲಿ ‘ತಲೆಗೆ ಪೆಟ್ಟು’ ಎಂದಷ್ಟೇ ಇರುತ್ತದೆ, ಬಾಟಲಿಯ ಸುದ್ದಿ ಇರುವುದಿಲ್ಲ.

ಅಟ್ಟದ ಕಬ್ಬಿಣದ ಏಣಿಯಿಂದ ಜಾರಿದವನಿಗೆ ಕಿವಿಯ ಮೇಲ್ಭಾಗಕ್ಕೆ ಪೆಟ್ಟು ಬಿತ್ತೆನ್ನಿ. ಅಲ್ಲಿ ಮೂಳೆ ತೆಳು, ಅದರ ಒಳಮೈಗೆ ಅಂಟಿಕೊಂಡೇ ರಕ್ತನಾಳ ಹಾದಿದೆ. ಅದು ಹರಿದರೂ ಕೆಲವರು ಎದ್ದು ಕೂತು, ನೀರು ಕೇಳಿ, ಬೈದು ಮಲಗುತ್ತಾರೆ. ಒಳಗೆ ರಕ್ತ ತುಂಬುತ್ತಾ ಹೋಗುತ್ತದೆ. ಮಂಪರು, ವಾಂತಿ, ತೊದಲು: ಎಲ್ಲವೂ ಅಮಲಿನಂತೆಯೇ. ಬರೀ ನೋಡಿ ಬೇರ್ಪಡಿಸುವುದು ವೈದ್ಯರಾದ ನಮಗೂ ಕಷ್ಟ, ಅದಕ್ಕೇ ಸಿ.ಟಿ. ಸ್ಕ್ಯಾನ್ ಇರುವುದು. ಕುಡಿದವನ ತಲೆಗೆ ಪೆಟ್ಟಾಗಿದ್ದರೆ ಕೋಣೆಯಲ್ಲಿ ಇಟ್ಟುಕೊಳ್ಳಲೇಬೇಡಿ, ಆಸ್ಪತ್ರೆಗೆ ಕರೆತನ್ನಿ. ವರ್ಷಗಟ್ಟಲೆ ಕುಡಿಯುವವರಲ್ಲಿ ಸಣ್ಣ ಪೆಟ್ಟಿನ ರಕ್ತಸ್ರಾವ ವಾರಗಳ ನಂತರ ತೋರಿಕೊಳ್ಳುವುದೂ ಉಂಟು.

ಬಿದ್ದದ್ದನ್ನು ಯಾರೂ ನೋಡಿಲ್ಲವೇ? ಗಂಟೆಗೊಮ್ಮೆ ಎಬ್ಬಿಸಿ. ಹೆಸರು ಹೇಳಲಿ, ಎರಡೂ ಕೈಯಿಂದ ನಿಮ್ಮ ಬೆರಳು ಹಿಡಿಯಲಿ. ಹೊತ್ತು ಕಳೆದಂತೆ ಅಮಲು ಇಳಿಯಬೇಕು. ಹಿಂದಿನ ಗಂಟೆಗಿಂತ ಮಂಕಾಗಿದ್ದರೆ, ಎಬ್ಬಿಸಿದರೂ ಏಳದಿದ್ದರೆ 108ಕ್ಕೆ ಕರೆ ಮಾಡಿ. ಕೊನೆಯ ಪೆಗ್ ಮುಗಿದ ಮೇಲೂ ಒಂದು ಗಂಟೆಯವರೆಗೆ ಅಮಲು ಏರಬಹುದು ನಿಜ, ಆ ಸಮಾಧಾನದಲ್ಲಿ ಕಾಯುತ್ತಾ ಕೂರಬೇಡಿ.

ಅಂಗಾತ ಮಲಗಿಸಬೇಡಿ. ಎಡಮಗ್ಗುಲಿಗೆ ಹೊರಳಿಸಿ, ಮೇಲಿನ ಮಂಡಿ ಮಡಚಿ, ಬಾಯಿ ಕೆಳಮುಖವಾಗಿರಲಿ. ಗೊರಗೊರ ಸದ್ದು ಸುಖನಿದ್ರೆಯಲ್ಲ, ಗಂಟಲಲ್ಲಿ ನಾಲಿಗೆಯೋ ವಾಂತಿಯೋ ಅಡ್ಡ ಬಂದಿರಬಹುದು. ನಿಮಿಷಕ್ಕೆ ಎಂಟಕ್ಕಿಂತ ಕಡಿಮೆ ಉಸಿರು, ಉಸಿರಿನ ನಡುವೆ ಹತ್ತು ಸೆಕೆಂಡಿನ ಬಿಡುವು, ತಣ್ಣಗಾದ ಮೈ, ನೀಲಿ ತುಟಿ: ಇವು ಮದ್ಯವೇ ವಿಷವಾದ ಲಕ್ಷಣ. ಜೊತೆಗೆ ನಿದ್ರೆ ಮಾತ್ರೆ ನುಂಗಿದ್ದರೆ ಅಪಾಯ ಇನ್ನೂ ಬೇಗ.

ನಿಂಬೆ ಶರಬತ್ತು, ಕಾಫಿ, ತಣ್ಣೀರು ಯಾವುದೂ ಅಮಲು ಇಳಿಸುವುದಿಲ್ಲ. 180 ಮಿ.ಲೀ. ಕ್ವಾರ್ಟರ್ ವಿಸ್ಕಿಯಲ್ಲಿ ಸುಮಾರು 60 ಗ್ರಾಂ ಆಲ್ಕೋಹಾಲ್ ಇರುತ್ತದೆ, ಲಿವರ್ ಗಂಟೆಗೆ ಕರಗಿಸುವುದು ಏಳರಿಂದ ಹತ್ತು ಗ್ರಾಂ. ಹನ್ನೊಂದಕ್ಕೆ ಮುಗಿಸಿದವನು ಬೆಳಿಗ್ಗೆ ಐದಕ್ಕೆ ವಡೆಯ ಬಾಣಲೆ ಮುಂದೆ ನಿಂತಾಗಲೂ ಪೂರ್ತಿ ಇಳಿದಿರಲಿಕ್ಕಿಲ್ಲ.

ಕಳ್ಳಬಟ್ಟಿಯದು ಬೇರೆ ಕಥೆ. 2015ರ ಜೂನ್‌ನಲ್ಲಿ ಮುಂಬೈಯ ಮಾಲ್ವಣಿಯಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು ಮೆಥನಾಲ್ ಎಂಬ ವಿಷಕಾರಿ ಆಲ್ಕೋಹಾಲ್‌ನಿಂದ. ಅದು ದೇಹದಲ್ಲಿ ಫಾರ್ಮಿಕ್ ಆಮ್ಲವೆಂಬ ವಿಷವಾಗಲು ಹೊತ್ತು ಹಿಡಿಯುತ್ತದೆ. ಮರುದಿನ ಹೊಟ್ಟೆನೋವು, ಮಂಜಾದ ಕಣ್ಣು, ಏದುಸಿರು ಕಂಡರೆ ‘ಹ್ಯಾಂಗೋವರ್’ ಎನ್ನಬೇಡಿ. ಜೊತೆಗೆ ಕುಡಿದವರೆಲ್ಲರನ್ನೂ ಕರೆತನ್ನಿ, ಆರಾಮಾಗಿ ಕಾಣುವವರನ್ನೂ.

ಆಸ್ಪತ್ರೆಗೆ ಬಂದಾಗ “ಬಾತ್‌ರೂಮಲ್ಲಿ ಜಾರಿದ” ಎಂದು ಪೊಲೀಸರ ಭಯದಿಂದ ಸುಳ್ಳು ಹೇಳಬೇಡಿ, ಮಾರಾಯರೇ. ಏನು, ಎಷ್ಟು, ಎಷ್ಟು ಹೊತ್ತಿಗೆ ಎಂದು ತಿಳಿಸಿ, ಬಾಟಲಿ ಸಿಕ್ಕರೆ ಅದನ್ನೂ ತನ್ನಿ.