ಮನೆಗೊಂದು ಸರ್ವರ್: ಇನ್‌ಸ್ಟಾಲ್ ಸುಲಭ, ಆಮೇಲೆ?

2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ನಲ್ಲಿ ಮಿತಿಯಿಲ್ಲದ ಉಚಿತ ಜಾಗ ನಿಂತುಹೋಯಿತು. 15 ಜಿಬಿ ತುಂಬಿದ ಮೇಲೆ ದುಡ್ಡು ಕೊಡಬೇಕು. ಮನೆಯಲ್ಲೇ ಒಂದು ಸರ್ವರ್ (ಸದಾ ಆನ್ ಇದ್ದು ಮನೆಯವರ ಫೈಲ್‌ಗಳನ್ನು ಇಟ್ಟುಕೊಳ್ಳುವ ಕಂಪ್ಯೂಟರ್) ಇಟ್ಟುಕೊಳ್ಳೋಣ ಅಂತ ನನ್ನ ಹತ್ತಿರ ಬರುವವರಲ್ಲಿ ಜಾಸ್ತಿ ಜನ ಈ ಫೋಟೋ ಸಮಸ್ಯೆ ಹಿಡಿದೇ ಬಂದವರು. ಸರ್ವರ್ ನೋಡಿಕೊಳ್ಳುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಎಲ್ಲರದ್ದೂ ಒಂದೇ ಪ್ರಶ್ನೆ: "ಯಾವ ಸಾಫ್ಟ್‌ವೇರ್ ಸುಲಭ ಸಾರ್?"

ಇನ್‌ಸ್ಟಾಲ್ ಮಾಡುವುದು ಈಗ ಎಲ್ಲದರಲ್ಲೂ ಸುಲಭವೇ. ಆ ಕಂಪ್ಯೂಟರ್ ನಾಳೆ ಸುಟ್ಟುಹೋದರೆ ಫೋಟೋಗಳನ್ನು ಇನ್ನೊಂದಕ್ಕೆ ತರುವುದು ಯಾವುದರಲ್ಲಿ ಸುಲಭ? ನಾನು ಆರಿಸುವುದು ಅದನ್ನು ನೋಡಿ.

ಮೊದಲು ಯಂತ್ರ. ಹೊಸದು ಬೇಡ. ಆಫೀಸುಗಳು ಮಾರಿಬಿಡುವ ಪುಟ್ಟ ಪಿಸಿಗಳು, ಅಂದರೆ ಲೆನೊವೊ ಟೈನಿ, ಡೆಲ್ ಮೈಕ್ರೋ ಥರದವು, ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. 8 ಜಿಬಿ ರ‍್ಯಾಮ್ ಇರಲಿ. ಸುಮ್ಮನೆ ಕೂತಾಗ ಇಂಥದ್ದು 10 ವ್ಯಾಟ್ ಎಳೆಯುತ್ತದೆ ಅಂದುಕೊಂಡರೆ ತಿಂಗಳಿಗೆ 7 ಯೂನಿಟ್ ಚಿಲ್ಲರೆ. ಗೃಹಜ್ಯೋತಿಯಲ್ಲಿ ಮಿತಿಯ ಅಂಚಿನಲ್ಲಿರುವವರು ಅಷ್ಟನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ. ಹಳೇ ಲ್ಯಾಪ್‌ಟಾಪ್ ಕೂಡ ಆಗುತ್ತದೆ. ಆದರೆ ವರ್ಷಗಟ್ಟಲೆ ಪ್ಲಗ್ಗಿನಲ್ಲೇ ಇದ್ದರೆ ಬ್ಯಾಟರಿ ಉಬ್ಬಬಹುದು. ಆಗಾಗ ಕಣ್ಣು ಹಾಯಿಸಬೇಕು. ರಾಸ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಇದ್ದವರು ಮೆಮೊರಿ ಕಾರ್ಡನ್ನು ನಂಬಿ ಕೂರಬೇಡಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಕಾರ್ಡು ಕೆಡುವುದು ಮಾಮೂಲು.

ಇನ್ನು ಸಾಫ್ಟ್‌ವೇರ್. ಕಾಸಾಓಎಸ್ ನೋಡಲು ಮೊಬೈಲಿನ ಹೋಮ್ ಸ್ಕ್ರೀನ್ ಥರ ಇರುತ್ತದೆ. ಡೆಬಿಯನ್ ಅಥವಾ ಉಬುಂಟು (ವಿಂಡೋಸ್ ಬದಲು ಹಾಕುವ ಉಚಿತ ಲಿನಕ್ಸ್) ಹಾಕಿ, ಮೇಲೆ ಒಂದೇ ಸಾಲಿನ ಕಮಾಂಡ್ ಕೊಟ್ಟರೆ ಮುಗಿಯಿತು. ಆಮೇಲೆ ಬ್ರೌಸರಿನಲ್ಲಿ ಆ್ಯಪ್ ಆರಿಸಿ ಕ್ಲಿಕ್ ಮಾಡುವುದಷ್ಟೇ. ಅಂಬ್ರೆಲ್ ಅದಕ್ಕಿಂತ ಅಂದ. ಮೊದಲು ಬಿಟ್‌ಕಾಯಿನ್ ಜನರಿಗಾಗಿ ಹುಟ್ಟಿದ್ದು, ಈಗ ಎಲ್ಲ ಥರದ ಆ್ಯಪ್‌ಗಳೂ ಇವೆ. ಇವೆರಡೂ ಒಳಗೆ ಮಾಡುವುದು ಒಂದೇ ಕೆಲಸ: ಡಾಕರ್ ಕಂಟೇನರ್‌ಗಳನ್ನು, ಅಂದರೆ ಆ್ಯಪನ್ನು ಅದಕ್ಕೆ ಬೇಕಾದದ್ದರ ಸಮೇತ ಕಟ್ಟಿಟ್ಟ ಡಬ್ಬಿಗಳನ್ನು, ಓಡಿಸುವುದು. ಯುನೋಹೋಸ್ಟ್ ದಾರಿ ಬೇರೆ. ಅದು ಡಾಕರ್ ಗೊಡವೆಗೆ ಹೋಗದೆ ಆ್ಯಪ್‌ಗಳನ್ನು ನೇರವಾಗಿ ಡೆಬಿಯನ್ ಮೇಲೆ ಹಾಕುತ್ತದೆ. ಮನೆಯವರಿಗೆಲ್ಲ ಒಂದೊಂದು ಲಾಗಿನ್, ಒಂದು ಉಚಿತ ಡೊಮೇನ್ ಹೆಸರು, ಬ್ಯಾಕಪ್ ಬಟನ್ ಎಲ್ಲ ಜೊತೆಗೇ ಬರುತ್ತವೆ. ಇಮೇಲ್ ಸರ್ವರ್ ಕೂಡ ಕೊಡುತ್ತದೆ, ಅದನ್ನು ಮಾತ್ರ ಮುಟ್ಟಬೇಡಿ. ಮನೆ ಬ್ರಾಡ್‌ಬ್ಯಾಂಡಿನಿಂದ ಹೊರಟ ಮೇಲ್ ಅಂದರೆ ದೊಡ್ಡ ಮೇಲ್ ಕಂಪನಿಗಳಿಗೆ ಮೊದಲೇ ಅನುಮಾನ.

ಓಪನ್‌ಮೀಡಿಯಾವಾಲ್ಟ್ ಒಂದೇ ಡಿಸ್ಕನ್ನು ಮನೆಯ ಎಲ್ಲ ಕಂಪ್ಯೂಟರುಗಳಿಗೂ ಹಂಚಬೇಕಾದವರಿಗೆ. ಸಿಸ್ಟಮ್ ಇರುವ ಡಿಸ್ಕಿನಲ್ಲಿ ನಿಮ್ಮ ಫೈಲ್ ಇಡಲು ಅದು ಸುಲಭಕ್ಕೆ ಬಿಡುವುದಿಲ್ಲ. ಹೊಸಬರಿಗೆ ಇದು ಕಿರಿಕಿರಿ ಅನ್ನಿಸುತ್ತದೆ, ನನಗೆ ಇದೇ ಇಷ್ಟ. ಸಿಸ್ಟಮ್ ಹಾಳಾದರೆ ಹೊಸದಾಗಿ ಹಾಕಿ, ಡೇಟಾ ಡಿಸ್ಕ್ ಹಾಗೇ ಇರುತ್ತದೆ. ಇದೇ ಕೆಲಸದ ಇನ್ನೂ ದೊಡ್ಡ ಸಾಫ್ಟ್‌ವೇರ್ ಟ್ರೂನಾಸ್ ಒಳ್ಳೆಯದೇ, ಆದರೆ ಮೊದಲ ಸರ್ವರಿಗೆ ಅಷ್ಟು ಯಾಕೆ?

ಈಗ ಮುಖ್ಯ ವಿಷಯ. ಇಮಿಚ್ ಅನ್ನು ಹಾಕಿದ್ದೀರಿ ಅಂದುಕೊಳ್ಳಿ. ಗೂಗಲ್ ಫೋಟೋಸ್‌ಗೆ ಬದಲಾಗಿ ನಾನು ಹೇಳುವುದು ಅದನ್ನೇ. ಮೊಬೈಲಿನಿಂದ ತಾನೇ ಫೋಟೋ ಎಳೆದುಕೊಳ್ಳುತ್ತದೆ, ಮುಖ ಗುರುತಿಸುತ್ತದೆ. ಆದರೆ ಕ್ಲಿಕ್ ಮಾಡಿ ಹಾಕಿದವರಿಗೆ ಫೋಟೋ ನಿಜವಾಗಿ ಯಾವ ಫೋಲ್ಡರಿನಲ್ಲಿ ಕೂತಿದೆ ಅನ್ನುವುದೇ ಗೊತ್ತಿರುವುದಿಲ್ಲ. ಕಾಸಾಓಎಸ್‌ನಲ್ಲಿ ಆ್ಯಪ್‌ಗಳ ಸರಕು ಸಾಮಾನ್ಯವಾಗಿ ಡೇಟಾ ಫೋಲ್ಡರಿನ ಒಳಗಿರುವ ಆ್ಯಪ್‌ಡೇಟಾದಲ್ಲಿ ಇರುತ್ತದೆ. ಹಾಕುವ ಮುಂಚೆ ಸೆಟ್ಟಿಂಗ್ಸ್ ತೆರೆದು ಆ ದಾರಿಯನ್ನು ನಿಮ್ಮ ದೊಡ್ಡ ಡಿಸ್ಕಿಗೆ ಬದಲಾಯಿಸಿ, ಒಂದು ಕಾಗದದ ಮೇಲೆ ಬರೆದಿಡಿ. ಕಂಟೇನರ್ ಅಳಿಸಿ ಮತ್ತೆ ಹಾಕಬಹುದು, ಅದರಲ್ಲಿ ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಕಾಪಾಡಬೇಕಾದದ್ದು ಆ ಫೋಲ್ಡರ್.

ಅದರಲ್ಲೂ ಬರೀ ಫೋಟೋ ಉಳಿಸಿದರೆ ಸಾಲದು. ಇಮಿಚ್‌ನಲ್ಲಿ ಮೂಲ ಫೋಟೋಗಳು ಒಂದು ಕಡೆ, ಆಲ್ಬಮ್ಮು, ಹೆಸರು, ಮುಖಗಳ ಲೆಕ್ಕ ಇನ್ನೊಂದು ಕಡೆ ಡೇಟಾಬೇಸಿನಲ್ಲಿ. ಫೋಟೋ ಮಾತ್ರ ಉಳಿಸಿದರೆ ಚಿತ್ರ ಸಿಗುತ್ತದೆ, ಜೋಡಿಸಿದ್ದೆಲ್ಲ ಹೋಗುತ್ತದೆ. ಈಗಿನ ಇಮಿಚ್ ಡೇಟಾಬೇಸಿನ ನಕಲನ್ನು ದಿನವೂ ತಾನೇ ತೆಗೆದು ಫೋಟೋಗಳಿರುವ ಜಾಗದಲ್ಲೇ ಇಡುತ್ತದೆ. ಹಾಗಾಗಿ ಆ ಇಡೀ ಫೋಲ್ಡರನ್ನು ಯುಎಸ್‌ಬಿ ಡಿಸ್ಕಿಗೆ ವಾರಕ್ಕೊಮ್ಮೆ ನಕಲು ಮಾಡಿ, ಡಿಸ್ಕ್ ಕಿತ್ತಿಡಿ. ಇನ್ನೊಂದು ನಕಲು ಊರಿನಲ್ಲಿ ಅಣ್ಣನ ಮನೆಯಲ್ಲೋ ಆಫೀಸಿನ ಡ್ರಾಯರಿನಲ್ಲೋ ಇರಲಿ. ಎರಡು ಡಿಸ್ಕ್ ಹಾಕಿ ರೇಡ್ ಮಾಡಿದ್ದೀನಿ (ಒಂದರಲ್ಲಿ ಬರೆದದ್ದು ಆಗಲೇ ಇನ್ನೊಂದರಲ್ಲೂ ಬೀಳುವ ಜೋಡಣೆ), ಸಾಕಲ್ವಾ ಅಂತ ಕೇಳುತ್ತಾರೆ. ಸಾಲದು. ನೀವು ಅಳಿಸಿದ ಫೈಲನ್ನು ರೇಡ್ ಎರಡೂ ಡಿಸ್ಕಿನಿಂದ ಅಷ್ಟೇ ನಿಷ್ಠೆಯಿಂದ ಅಳಿಸುತ್ತದೆ.

ಮನೆಯಿಂದ ಹೊರಗಿದ್ದಾಗಲೂ ಫೋಟೋ ನೋಡುವುದು ಹೇಗೆ? ಪೋರ್ಟ್ ಫಾರ್ವರ್ಡಿಂಗ್ ಮಾಡಿ, ಅಂದರೆ ಹೊರಗಿನಿಂದ ಸರ್ವರಿಗೆ ಬರಲು ರೂಟರಿನಲ್ಲಿ ಒಂದು ಬಾಗಿಲು ತೆರೆಯಿರಿ, ಅಂತ ಹಳೇ ವಿಡಿಯೋಗಳು ಹೇಳುತ್ತವೆ. ನಮ್ಮಲ್ಲಿ ಎಷ್ಟೋ ಕನೆಕ್ಷನ್‌ಗಳಲ್ಲಿ ಅದು ಆಗುವುದೇ ಇಲ್ಲ. ರೂಟರಿನ ಪುಟದಲ್ಲಿ ಹೊರಗಿನ ಐಪಿ ವಿಳಾಸ ನೋಡಿ. 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಒಂದೇ ಪಬ್ಲಿಕ್ ವಿಳಾಸವನ್ನು ಹಲವು ಮನೆಗಳು ಹಂಚಿಕೊಂಡಿರುತ್ತವೆ, ಹೊರಗಿನಿಂದ ಬಂದವರಿಗೆ ನಿಮ್ಮ ಬಾಗಿಲು ಕಾಣುವುದಿಲ್ಲ. ಪೋರ್ಟ್ ತೆರೆಯಲು ಆದರೂ ಬೇಡ. 2022ರ ಜನವರಿಯಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಇಂಟರ್ನೆಟ್ಟಿಗೆ ತೆರೆದಿಟ್ಟಿದ್ದ ಕ್ಯೂನ್ಯಾಪ್ ಕಂಪನಿಯ ಫೈಲ್ ಸರ್ವರ್ ಸಾಧನಗಳಿಗೆ ನುಗ್ಗಿ, ಫೈಲ್‌ಗಳಿಗೆ ಬೀಗ ಹಾಕಿ 0.03 ಬಿಟ್‌ಕಾಯಿನ್ ಕೇಳಿತ್ತು. ಅದಕ್ಕೇ ನಾನು ಹೇಳುವುದು ಟೇಲ್‌ಸ್ಕೇಲ್. ಸರ್ವರಿಗೊಂದು, ನಿಮ್ಮ ಮೊಬೈಲಿಗೊಂದು ಹಾಕಿದರೆ ಎರಡರ ನಡುವೆ ಖಾಸಗಿ ದಾರಿ ಆಗುತ್ತದೆ. ಮನೆ ಬಳಕೆಗೆ ಉಚಿತ. ಸಿಜಿನ್ಯಾಟ್ ಇದ್ದರೂ ನಡೆಯುತ್ತದೆ.

ಹಾಗಾದರೆ ಯಾವುದನ್ನು ಹಾಕುವುದು? ಫೋಟೋ, ಸಿನಿಮಾ ಇಷ್ಟೇ ಸಾಕು ಅನ್ನುವವರಿಗೆ ಡೆಬಿಯನ್ ಮೇಲೆ ಕಾಸಾಓಎಸ್, ಒಳಗೆ ಫೋಟೋಗೆ ಇಮಿಚ್, ಸಿನಿಮಾಕ್ಕೆ ಜೆಲ್ಲಿಫಿನ್. ಕಾಸಾಓಎಸ್ ನಾಳೆ ನಿಂತುಹೋದರೂ ಕೆಳಗಿರುವುದು ಬರೀ ಡಾಕರ್ ಮತ್ತು ನಿಮಗೆ ಗೊತ್ತಿರುವ ಫೋಲ್ಡರ್. ಯಾರು ಬೇಕಾದರೂ ಎತ್ತಿ ನಿಲ್ಲಿಸಬಹುದು.

ಹಾಕಿದ ವಾರವೇ ಮನೆಯವರ ಫೋಟೋ ಸುರಿಯಬೇಡಿ. ಹಳೆಯ ಪ್ರವಾಸದ ಒಂದಿಷ್ಟು ಫೋಟೋ ಹಾಕಿ, ಆಲ್ಬಮ್ ಮಾಡಿ, ಬ್ಯಾಕಪ್ ತೆಗೆಯಿರಿ. ಆಮೇಲೆ ಸರ್ವರನ್ನು ಪೂರ್ತಿ ಅಳಿಸಿ ಮತ್ತೆ ಹಾಕಿ, ಯುಎಸ್‌ಬಿ ಡಿಸ್ಕಿನಿಂದ ಎಲ್ಲವನ್ನೂ ವಾಪಸ್ ತನ್ನಿ. ಆಲ್ಬಮ್ ಸಮೇತ ಬಂತಾ? ಮೊಬೈಲುಗಳನ್ನು ಜೋಡಿಸಿ. ಬರಲಿಲ್ಲವಾ, ಬರುವವರೆಗೂ ಗೂಗಲ್‌ನ ಚಂದಾ ಮುಂದುವರಿಯಲಿ.