ಬೆಟ್ಟ ಹತ್ತುವ ಶೂ ಪೆಡಲ್ ಮೇಲೆ ಯಾಕೆ ಜಾರುತ್ತೆ?

ಕಳೆದ ಮಳೆಗಾಲದಲ್ಲಿ ಮಂಡ್ಯ ಕಡೆಯ ಹುಡುಗನೊಬ್ಬ ಅಪ್ಪನ ಜೊತೆ ಮೈಸೂರಿನ ನಮ್ಮ ಸೈಕಲ್ ವರ್ಕ್‌ಶಾಪ್‌ಗೆ ಬಂದಿದ್ದ. ಬಂದವನೇ ಪ್ಯಾಂಟು ಮೇಲೆತ್ತಿ ಕಾಲು ತೋರಿಸಿದ. ಮೊಣಕಾಲಿನ ಕೆಳಗೆ, ಸರಿಯಾಗಿ ಮೂಳೆಯ ಮೇಲೆ, ಸಾಲಾಗಿ ನಾಲ್ಕು ಗಾಯ. ಶೂ ಜಾರದಿರಲಿ ಅಂತ ಪೆಡಲ್ ಮೇಲೆ ಚೂಪಾದ ಸಣ್ಣ ಪಿನ್ನುಗಳಿರುತ್ತವಲ್ಲ, ಅವುಗಳ ಗುರುತು ಅದು. ನನ್ನ ಕಾಲಲ್ಲೂ ಇದೆ, ಹಾಗಾಗಿ ಕೇಳಬೇಕಾಗಲಿಲ್ಲ.

"ಈ ಪೆಡಲ್ ಸರಿಯಿಲ್ಲ ಸಾರ್, ಜಾರುತ್ತೆ. ಬೇರೆ ಹಾಕಿಕೊಡಿ" ಅಂದ.

ಪೆಡಲ್ ನೋಡಿದೆ. ಒಳ್ಳೆಯ ಅಲ್ಯೂಮಿನಿಯಂದು. ಪಿನ್ನುಗಳೆಲ್ಲ ಇನ್ನೂ ಚೂಪಾಗೇ ಇದ್ದವು. ಆಮೇಲೆ ಶೂ ನೋಡಿದೆ. ಹೊಸ ಟ್ರೆಕ್ಕಿಂಗ್ ಶೂ, ತಳದ ತುಂಬ ಬಟನ್ ಟೈರಿನ ಹಾಗೆ ದಪ್ಪ ದಪ್ಪ ಬಟನ್. "ಗ್ರಿಪ್ ಜಾಸ್ತಿ ಅಂತ ಅಂಗಡಿಯವರು ಹೇಳಿದರು" ಅಂದ. ತಿಂಗಳಿಗೆ ಇಬ್ಬರು ಮೂವರಾದರೂ ಇದೇ ಮಾತು ಹೇಳುತ್ತಾರೆ. ಅದಕ್ಕೇ ಇವತ್ತು ಬರೆಯಲು ಕೂತೆ.

ಹುಡುಗನಿಗೆ ಹೇಳುವ ಬದಲು ಅವರಪ್ಪನನ್ನೇ ಕೇಳಿದೆ. "ಯಜಮಾನರೇ, ಟ್ರ್ಯಾಕ್ಟರ್ ಹಿಂದಿನ ಟೈರಿಗೆ ಅಷ್ಟು ದಪ್ಪ ಪಟ್ಟಿ ಯಾಕಿರುತ್ತೆ?"

"ಗದ್ದೇಲಿ ಮಣ್ಣು ಕಚ್ಬೇಕಲ್ಲ ಸಾ."

"ಟಾರ್ ರೋಡಲ್ಲಿ?"

"ಅಲ್ಲಿ ಏನ್ ಕಚ್ತದೆ? ಪಟ್ಟಿ ತುದಿ ತಾಕ್ತದೆ ಅಷ್ಟೇಯ." ಹಾಗಂದು ಮಗನ ಕಡೆ ತಿರುಗಿ, "ಕೇಳ್ತೇನ್ಲಾ?" ಅಂದರು.

ವಿಷಯ ಇಷ್ಟೇ. ಆದರೂ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ತಲೆ ಅಲ್ಲಾಡಿಸಿ ಹೋದವರೇ ಮತ್ತೆ ಅದೇ ಶೂ ತಂದಿದ್ದಾರೆ. ಶೂ ತಳದ ಬಟನ್ ಇರುವುದು ನೆಲಕ್ಕೆ. ಮಣ್ಣು ಮೆತ್ತಗಿರುತ್ತೆ, ಬಟನ್ ಅದರೊಳಗೆ ಇಳಿಯುತ್ತೆ, ಕಚ್ಚುತ್ತೆ. ಪೆಡಲ್ ಮೇಲೆ ಲೆಕ್ಕ ಉಲ್ಟಾ. ಅಲ್ಲಿ ಕಚ್ಚುವುದು ಪೆಡಲ್, ಕಚ್ಚಿಸಿಕೊಳ್ಳುವುದು ಶೂ. ಮೂರು ನಾಲ್ಕು ಮಿಲಿಮೀಟರ್ ಉದ್ದದ ಪಿನ್ನು ರಬ್ಬರಿನೊಳಗೆ ಇಳಿಯಬೇಕು. ಎರಡು ಬಟನ್ ನಡುವಿನ ಸಂದಿಯಲ್ಲಿ ಪಿನ್ನು ಕೂತರೆ ಅದಕ್ಕೆ ಹಿಡಿಯಲು ಏನೂ ಸಿಗುವುದಿಲ್ಲ. ಮೇಲಾಗಿ ಆ ಬಟನ್‌ಗಳ ರಬ್ಬರ್ ಬೇಗ ಸವೆಯದಿರಲಿ ಅಂತ ಸಾಮಾನ್ಯವಾಗಿ ಗಟ್ಟಿಯಾಗಿರುತ್ತೆ. ಹಾಗಾಗಿ ಕಾಲು ಎರಡು ಮೂರು ಕಡೆ ಮಾತ್ರ ನಿಂತಿರುತ್ತೆ. ನಾಲೆ ಏರಿ ಮೇಲೆ ಸುಮ್ನೆ ಹೋಗುವಾಗ ಇದು ಗೊತ್ತಾಗಲ್ಲ. ಇಳಿಜಾರಿನಲ್ಲಿ ಕಲ್ಲಿಗೆ ಚಕ್ರ ಬಡಿದು ಸೈಕಲ್ ಎಗರಿದಾಗ ಗೊತ್ತಾಗುತ್ತೆ.

ಬಂಡೆ ಹತ್ತುವವರ ಶೂ ನೋಡಿದ್ದೀರಾ? ತಳ ಬೋಳು. ಒಂದು ಗೀರೂ ಇರಲ್ಲ. ಅಂಟುವ ಮೆತ್ತನೆ ರಬ್ಬರ್ ಅಷ್ಟೇ. ಫ್ಲಾಟ್ ಪೆಡಲ್, ಅಂದರೆ ಶೂವನ್ನು ಸಿಕ್ಕಿಸದೆ ಸುಮ್ಮನೆ ಕಾಲಿಟ್ಟು ತುಳಿಯುವ ಪೆಡಲ್, ಅದರ ಶೂಗೆ ಹೆಸರಾದ ಫೈವ್ ಟೆನ್ ಕಂಪನಿ 1985ರಲ್ಲಿ ಅಮೆರಿಕದಲ್ಲಿ ಶುರುವಾಗಿದ್ದೇ ಬಂಡೆ ಹತ್ತುವವರಿಗಾಗಿ. ಅದೇ ರಬ್ಬರಿನ ಜಾಣ್ಮೆಯನ್ನು ಆಮೇಲೆ ಸೈಕಲ್ಲಿಗೆ ತಂದರು. 2011ರಲ್ಲಿ ಅಡಿಡಾಸ್ ಕಂಪನಿ ಅದನ್ನು ಕೊಂಡುಕೊಂಡಿತು. ಅದನ್ನೇ ಕೊಳ್ಳಿ ಅಂತ ಹೇಳುತ್ತಿಲ್ಲ, ದುಬಾರಿ. ತಳ ಯಾಕೆ ಹಾಗಿದೆ ಅಂತ ಅರ್ಥವಾದರೆ ಸಾಕು.

ಹಾಗಾದರೆ ಮೆತ್ತಗಿರೋ ರನ್ನಿಂಗ್ ಶೂ ಆಗುತ್ತಲ್ವಾ ಅಂತ ತಕ್ಷಣ ಕೇಳುತ್ತಾರೆ. ಆಗಲ್ಲ. ಮೆತ್ತಗಿರಬೇಕಾದ್ದು ಹೊರಗಿನ ರಬ್ಬರ್, ಒಳಗಿನ ಸ್ಪಂಜು ಅಲ್ಲ. ಓಡುವಾಗ ಹಿಮ್ಮಡಿಗೆ ಪೆಟ್ಟು ಬೀಳದಿರಲಿ ಅಂತ ಸ್ಪಂಜು ಇಟ್ಟಿರುತ್ತಾರೆ. ಪೆಡಲ್ ತುಳಿದಾಗ ಅದು ಅಮುಕುತ್ತೆ, ಪಾದ ಪೆಡಲ್ ಸುತ್ತ ಬಾಗುತ್ತೆ, ಒಂದೆರಡು ಗಂಟೆಯಲ್ಲಿ ಅಂಗಾಲು ನೋಯುತ್ತೆ. ಎಷ್ಟೋ ರನ್ನಿಂಗ್ ಶೂಗಳಲ್ಲಿ ಸ್ಪಂಜು ತಳದಲ್ಲೇ ಕಾಣುತ್ತಿರುತ್ತೆ. ಪಿನ್ನು ಅದನ್ನು ತುರಿಮಣೆಯಲ್ಲಿ ಕಾಯಿ ತುರಿದ ಹಾಗೆ ತುರಿದು ಹಾಕುತ್ತೆ.

ಹೊರಗೆ ಮೆತ್ತಗೆ, ಒಳಗೆ ಗಟ್ಟಿ. ಉಗುರಿನಿಂದ ತಳದ ರಬ್ಬರ್ ಒತ್ತಿ ನೋಡಿ, ಗುರುತು ಮೂಡಿ ನಿಧಾನಕ್ಕೆ ಮಾಯವಾಗಬೇಕು. ಆಮೇಲೆ ಶೂವನ್ನು ಎರಡೂ ಕೈಯಲ್ಲಿ ಹಿಡಿದು ಬಾಗಿಸಿ. ಬೆರಳಿನ ಹತ್ತಿರ ಸ್ವಲ್ಪ ಬಾಗಲಿ, ನಡುಪಾದದಲ್ಲಿ ಚಪಾತಿ ಹಾಗೆ ಮಡಚಿಕೊಳ್ಳಬಾರದು.

ಕಡಿಮೆ ಖರ್ಚಿಗೆ ಸ್ಕೇಟ್‌ಬೋರ್ಡ್ ಆಡುವವರ ಚಪ್ಪಟೆ ತಳದ ಶೂ ಆಗುತ್ತೆ. ಮನೆಯಲ್ಲಿ ಹಳೆಯ ಬ್ಯಾಡ್ಮಿಂಟನ್ ಶೂ ಇದ್ದರೆ ಮೊದಲು ಅದನ್ನು ಹಾಕಿ ನೋಡಿ. ಅದರ ತಳದ ಮೆತ್ತನೆ ಗಮ್ ರಬ್ಬರ್ ಪಿನ್ನನ್ನು ಚೆನ್ನಾಗಿ ಹಿಡಿಯುತ್ತೆ. ಬೇಗ ಸವೆಯುತ್ತೆ, ಕಲ್ಲು ಬಡಿದರೆ ಬೆರಳಿಗೆ ರಕ್ಷಣೆ ಇಲ್ಲ, ಅದು ಬೇರೆ ಮಾತು. ಚಪ್ಪಲಿ ಹಾಕಿಕೊಂಡು ಇಳಿಜಾರಿಗೆ ಹೋಗುವವರ ಬಗ್ಗೆ ಮಾತಾಡಲ್ಲ, ಬಿಪಿ ಏರುತ್ತೆ.

ಬೋಳು ತಳಕ್ಕೂ ಒಂದು ತೊಂದರೆ ಇದೆ. ಮಳೆಗಾಲದ ಕೆಸರಲ್ಲಿ ಸೈಕಲ್ ತಳ್ಳಿಕೊಂಡು ಏರು ಹತ್ತುವಾಗ ಜಾರುತ್ತೆ. ಅದಕ್ಕೇ ಒಳ್ಳೆಯ ಶೂಗಳಲ್ಲಿ ಬೆರಳ ತುದಿಗೂ ಹಿಮ್ಮಡಿಗೂ ಒಂದಿಷ್ಟು ಬಟನ್ ಇಟ್ಟು ನಡುವೆ ಚಪ್ಪಟೆ ಬಿಟ್ಟಿರುತ್ತಾರೆ. ಚಾಮುಂಡಿ ಬೆಟ್ಟದ ಕಾಡು ಮೀಸಲು ಅರಣ್ಯ. ಶೂ ಚೆನ್ನಾಗಿದೆ ಅಂತ ಅಲ್ಲಿನ ಕಾಲುದಾರಿಗೆ ನುಗ್ಗಬೇಡಿ.

ಇನ್ನೊಂದು ಮಾತು. ಸೈಕಲ್ ಜೊತೆ ಬಂದ ಪ್ಲಾಸ್ಟಿಕ್ ಪೆಡಲ್ ಸವೆದು ನುಣ್ಣಗಾಗಿದ್ದರೆ ಯಾವ ಶೂ ಹಾಕಿದರೂ ಅಷ್ಟೇ. ಮೊದಲು ಪೆಡಲ್ ಬದಲಾಯಿಸಿ. ಇಷ್ಟೆಲ್ಲ ಮಾಡಿದ ಮೇಲೂ ಮಂಡಿ ನೋಯುತ್ತಿದ್ದರೆ ಶೂ ಅಂಗಡಿ ಸುತ್ತಬೇಡಿ. ಸೀಟಿನ ಎತ್ತರ ನೋಡಿಸಿ, ಆಗಲೂ ಹೋಗದಿದ್ದರೆ ಡಾಕ್ಟರ್ ಹತ್ತಿರ ಹೋಗಿ.

ದೇವರಾಜ ಅರಸು ರಸ್ತೆಯಲ್ಲಿ ಶೂ ನೋಡಲು ಹೋಗುವವರಿಗೆ ನಾನು ಒಂದು ಹಳೇ ಪೆಡಲ್ ಕೊಟ್ಟು ಕಳಿಸುತ್ತಿದ್ದೆ. ಶೂ ತಳವನ್ನು ಪಿನ್ನಿನ ಮೇಲೆ ಒತ್ತಿ ತಿರುಚಿ ನೋಡಿದರೆ ಅಲ್ಲೇ ಗೊತ್ತಾಗುತ್ತೆ. ಅಂಗಡಿಯವರು ಹೊಸ ಶೂಗೆ ಗುರುತು ಬೀಳುತ್ತೆ ಅಂತ ಬೈಯಬಹುದು, ಮೊದಲೇ ಕೇಳಿ. ಆದರೆ ಆ ಪೆಡಲ್ ತೆಗೆದುಕೊಂಡು ಹೋದ ಯಾರೋ ಎರಡು ತಿಂಗಳಿಂದ ವಾಪಸ್ ತಂದಿಲ್ಲ. ಎಡಗಡೆಯದು, ಕಪ್ಪು ಬಣ್ಣ, ಒಂದು ಪಿನ್ನು ಇಲ್ಲ. ಇದನ್ನು ಓದುತ್ತಿದ್ದರೆ ತಂದುಕೊಡಿ, ಬೈಯಲ್ಲ.