ಭರಣಿಯಿಂದ ಹಿಂದಕ್ಕೆ ಲೆಕ್ಕ: ಸಾವರ್‌ಕ್ರೌಟ್‌ಗೆ ಎಲೆಕೋಸು ಬೆಳೆಯುವ ಟಿಪ್ಪಣಿ

ಎಲೆಕೋಸಿನ ಪಾಠವನ್ನು ನಾವೆಲ್ಲ ಬೀಜದಿಂದ ಶುರು ಮಾಡುತ್ತೇವೆ. ಸಾವರ್‌ಕ್ರೌಟ್, ಅಂದರೆ ಉಪ್ಪು ಹಾಕಿ ಹುಳಿ ಬರಿಸಿದ ಎಲೆಕೋಸು (ಚಿಕ್ಕದಾಗಿ ಕ್ರೌಟ್), ಮಾಡುವ ಉದ್ದೇಶ ಇದ್ದರೆ ಭರಣಿಯಿಂದ ಶುರು ಮಾಡಿ, ಹಿಂದಕ್ಕೆ ಎಣಿಸುತ್ತಾ ಬನ್ನಿ. ಯಾಕೆ ಅಂದರೆ, ಉಪ್ಪು ಹಾಕಿದ ಎಲೆಕೋಸು ಚೆನ್ನಾಗಿ ಹುಳಿಯಾಗುವುದು 18ರಿಂದ 22 ಡಿಗ್ರಿಯಲ್ಲಿ. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಮನೆಯೊಳಗೆ ಅದರ ಹತ್ತಿರ ಬರುವುದು ಡಿಸೆಂಬರ್, ಜನವರಿಯಲ್ಲಿ ಮಾತ್ರ. ಗಡ್ಡೆ ಬಿಗಿಯಾಗಿ ಕಟ್ಟಲಿಕ್ಕೂ 15ರಿಂದ 20 ಡಿಗ್ರಿಯ ತಂಪೇ ಬೇಕು. ಅಂದರೆ ಹೊಲಕ್ಕೂ ಭರಣಿಗೂ ಇರುವುದು ಒಂದೇ ಚಳಿಗಾಲ, ಅದನ್ನು ಎರಡಕ್ಕೂ ಹಂಚಬೇಕು.

ಜರ್ಮನಿಯಲ್ಲಿ ಈ ತಾಪತ್ರಯ ಇಲ್ಲ. ಸ್ಟುಟ್‌ಗಾರ್ಟ್ ಪಕ್ಕದ ಫಿಲ್ಡರ್ ಬಯಲಿನಲ್ಲಿ ಚೂಪು ತಲೆಯ ಎಲೆಕೋಸನ್ನು ಇದಕ್ಕೆಂದೇ ಬೆಳೆಯುತ್ತಾರೆ, ಬೇಸಿಗೆ ಮುಗಿದ ಮೇಲೆ ಕೊಯ್ದರೆ ಮುಂದೆ ತಿಂಗಳುಗಟ್ಟಲೆ ತಂಪು ತಾನಾಗೇ ಸಿಗುತ್ತದೆ. ನಮಗೆ ಅಷ್ಟು ಸಮಯ ಇಲ್ಲ.

ಈಗ ಲೆಕ್ಕ. ಎಳ್ಳಮವಾಸ್ಯೆ ಆಸುಪಾಸು, ಅಂದರೆ ಡಿಸೆಂಬರ್ ಕೊನೆಗೆ ಕೊಯ್ಲು ಅಂತ ಇಟ್ಟುಕೊಳ್ಳಿ. ನಾಟಿಯಿಂದ 70-80 ದಿನಕ್ಕೆ ಬರುವ ತಳಿಯಾದರೆ ಅಕ್ಟೋಬರ್ ಮೊದಲ ಅಥವಾ ಎರಡನೇ ವಾರ ನಾಟಿ. ಸಸಿಗೆ ನಾಲ್ಕು ವಾರ ಬೇಕು. ಹಾಗಾಗಿ ಸಸಿಮಡಿಗೆ ಬೀಜ ಬೀಳಬೇಕಾದದ್ದು ಸೆಪ್ಟೆಂಬರ್ ಮೊದಲ ಹದಿನೈದು ದಿನದಲ್ಲಿ. ಬಹಳ ಜನ ದೀಪಾವಳಿ ಮುಗಿಸಿ ಬೀಜ ಹಾಕುತ್ತಾರೆ. ಪಲ್ಯಕ್ಕೆ ಅದು ನಡೆಯುತ್ತದೆ, ಆದರೆ ಕ್ರೌಟ್‌ಗೆ ತಡವಾಯಿತು. ಗಡ್ಡೆ ಫೆಬ್ರುವರಿ ಕೊನೆಗೆ ಕೈಗೆ ಬರುತ್ತದೆ, ಭರಣಿ ಮಾರ್ಚ್ ಬಿಸಿಲಿಗೆ ಸಿಕ್ಕಿಬೀಳುತ್ತದೆ.

ತಳಿ ಯಾವುದು? ಗೋಲ್ಡನ್ ಏಕರ್ 60-65 ದಿನಕ್ಕೇ ಬರುತ್ತದೆ. ಗಡ್ಡೆ ದುಂಡಗೆ, ಒಂದು ಒಂದೂವರೆ ಕಿಲೋ ತೂಗುತ್ತದೆ, ಬಲಿತ ಮೇಲೆ ಹೊಲದಲ್ಲಿ ಬಿಟ್ಟರೆ ಬೇಗ ಸೀಳುತ್ತದೆ. ಪೂಸಾ ಡ್ರಮ್ ಹೆಡ್ ದೊಡ್ಡದು, ಚಪ್ಪಟೆ. ಪುಸ್ತಕದಲ್ಲಿ ಓದಿದರೆ ಕ್ರೌಟ್‌ಗೆ ಹೇಳಿ ಮಾಡಿಸಿದ್ದು ಅನ್ನಿಸುತ್ತದೆ, ಆದರೆ ಅದಕ್ಕೆ ಉದ್ದನೆಯ ಚಳಿ ಬೇಕು. ವಿಜಯಪುರದಲ್ಲಿ ಡಿಸೆಂಬರ್ ಹಗಲೂ 28-29 ಡಿಗ್ರಿ ಮುಟ್ಟುತ್ತದೆ ಅಲ್ವಾ, ಅಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಬಿಸಿ ತಡೆಯುವ, ಮಧ್ಯಮ ಅವಧಿಯ ದುಂಡು ಹೈಬ್ರಿಡ್ ತಳಿಯೇ ನಮ್ಮ ಮೂರೂ ಜಿಲ್ಲೆಗೆ ಸರಿ ಅಂತ ನನ್ನ ಅಭಿಪ್ರಾಯ. ಅಂಗಡಿಯಲ್ಲಿ ತೂಕ ಎಷ್ಟು ಬರುತ್ತದೆ ಅಂತ ಕೇಳುವುದಕ್ಕಿಂತ ಗಡ್ಡೆ ಎಷ್ಟು ಗಟ್ಟಿ, ಬಲಿತ ಮೇಲೆ ಹೊಲದಲ್ಲಿ ಎಷ್ಟು ದಿನ ತಡೆಯುತ್ತದೆ ಅಂತ ಕೇಳಿ.

ಬೆಳಗಾವಿಯವರು ಇಲ್ಲೊಂದು ಪ್ರಶ್ನೆ ಎತ್ತಬಹುದು: ನಮ್ಮಲ್ಲಿ ಜುಲೈ-ಆಗಸ್ಟ್ ಹಗಲೂ ತಂಪು, ಮಳೆಗಾಲದಲ್ಲೇ ಎಲೆಕೋಸು ಬರುತ್ತದಲ್ಲ? ಬರುತ್ತದೆ, ನಿಜ. ಆದರೆ ಮೋಡ ಮುಚ್ಚಿದ ದಿನಗಳಲ್ಲಿ ಎಲೆಯಲ್ಲಿ ಸಕ್ಕರೆ ಕಡಿಮೆ ಕೂಡುತ್ತದೆ, ಹುಳಿ ಆಗುವುದು ಆ ಸಕ್ಕರೆಯೇ. ಜೊತೆಗೆ ಕಪ್ಪು ಕೊಳೆ ರೋಗ. ಎಲೆಯ ಅಂಚಿನಿಂದ ಒಳಗೆ ವಿ ಆಕಾರದ ಹಳದಿ ಕಲೆ ಇಳಿದು ನರ ಕಪ್ಪಾಗಿದ್ದರೆ ಅದೇ. ಬೀಜದಲ್ಲೇ ಬರುವ ರೋಗ ಇದು, 50 ಡಿಗ್ರಿ ನೀರಿನಲ್ಲಿ ಅರ್ಧ ಗಂಟೆ ಬೀಜ ಅದ್ದಿ ಒಣಗಿಸುವುದು ಹಳೆಯ, ಒಳ್ಳೆಯ ಉಪಾಯ. ಥರ್ಮಾಮೀಟರ್ ಇಲ್ಲದೆ ಮಾಡಬೇಡಿ, ಬಿಸಿ ಹೆಚ್ಚಾದರೆ ಬೀಜ ಸಾಯುತ್ತದೆ.

ಎಲೆಕೋಸಿಗೆ ಮಣ್ಣಿನ ಪಿಎಚ್ (ಹುಳಿ-ಕ್ಷಾರದ ಅಳತೆ) 6ರಿಂದ 6.5 ಇಷ್ಟ. ಎರೆ ಹೊಲದಲ್ಲಿ 8 ದಾಟುವುದು ಸಾಮಾನ್ಯ, ಅಲ್ಲಿ ಗಿಡಕ್ಕೆ ಬೋರಾನ್ ಎಂಬ ಸೂಕ್ಷ್ಮ ಪೋಷಕಾಂಶ ಸಿಗುವುದೂ ಕಷ್ಟ. ಅದರ ಕೊರತೆಗೆ ದಿಂಡು ಒಳಗೆ ಟೊಳ್ಳಾಗಿ ಕಂದು ಬಣ್ಣಕ್ಕೆ ತಿರುಗುತ್ತದೆ. ಬೋದಿನ ಮೇಲೆ ನಾಟಿ ಮಾಡಿ, ಕೊಟ್ಟಿಗೆ ಗೊಬ್ಬರ ಧಾರಾಳ ಹಾಕಿ.

ಯೂರಿಯಾ ವಿಷಯದಲ್ಲಿ ಮಾತ್ರ ಕೈ ಹಿಡಿತ ಇರಲಿ. ಸಾರಜನಕ ಜಾಸ್ತಿಯಾದರೆ ಗಡ್ಡೆ ದೊಡ್ಡದಾಗುತ್ತದೆ, ಒಳಗೆ ಸಡಿಲ. ಹಾಗೆ ಬೆಳೆದದ್ದು ಭರಣಿಯಲ್ಲಿ ಮೆತ್ತಗಾಗುತ್ತದೆ. ನಾಟಿಯಾಗಿ ತಿಂಗಳ ಹೊತ್ತಿಗೆ, ಗಡ್ಡೆ ಸುರುಳಿ ಕಟ್ಟುವ ಮೊದಲೇ ಕೊನೆಯ ಕಂತು ಮುಗಿಸಿ. ನೀರು ಸಮನಾಗಿ ಕೊಡಿ. ಒಣಗಿಸಿ ಆಮೇಲೆ ಒಮ್ಮೆಲೇ ಹಾಯಿಸಿದರೆ ಗಡ್ಡೆ ಸೀಳುವುದು ಖಂಡಿತ. ಗಡ್ಡೆ ಬಿಗಿದ ಮೇಲೆ ನೀರು ಕಡಿಮೆ ಮಾಡಿ.

ಎಲೆಕೋಸಿನ ಎಲೆ ತಿನ್ನುವ ಹುಳದ ಪತಂಗ, ವಜ್ರಬೆನ್ನಿನ ಪತಂಗಕ್ಕೆ (ಡೈಮಂಡ್‌ಬ್ಯಾಕ್ ಮಾತ್) ಸಾಸಿವೆ ಬೇಲಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಹೇಳಿಕೊಟ್ಟ ಕ್ರಮ ಇದು: 25 ಸಾಲು ಎಲೆಕೋಸಿಗೆ ಒಂದು ಜೋಡಿ ಸಾಲು ಸಾಸಿವೆ, ಒಂದನ್ನು ನಾಟಿಗೆ 15 ದಿನ ಮೊದಲು, ಇನ್ನೊಂದನ್ನು ನಾಟಿಯಾಗಿ 25 ದಿನಕ್ಕೆ ಬಿತ್ತುವುದು. ಪತಂಗ ಸಾಸಿವೆ ಕಡೆ ಹೋಗಿ ಮೊಟ್ಟೆ ಇಡುತ್ತದೆ. ಉಳಿದದ್ದಕ್ಕೆ ಶೇ. 4ರ ಬೇವಿನ ಬೀಜದ ಕಷಾಯ ಹೊಡೆಯಿರಿ.

ಕೊಯ್ಯುವ ದಿನ ಒಂದನ್ನು ಕಿತ್ತು ನೆತ್ತಿಯಿಂದ ಬುಡದವರೆಗೆ ಉದ್ದಕ್ಕೆ ಸೀಳಿ ನೋಡಿ. ಎಲೆಗಳ ನಡುವೆ ಬೆರಳ ಉಗುರು ತೂರಬಾರದು. ಒಳಗೆ ಬೆಳ್ಳಗೆ ಇರಬೇಕು, ದಿಂಡು ಗಡ್ಡೆಯ ಅರ್ಧ ಎತ್ತರಕ್ಕಿಂತ ಕೆಳಗೇ ನಿಂತಿರಬೇಕು, ಕತ್ತರಿಸಿದ ಅಂಚು ಕಚ್ಚಿದರೆ ಸಿಹಿ ಗೊತ್ತಾಗಬೇಕು. ಹೀಗಿದ್ದರೆ ಉಳಿದವನ್ನೂ ಕೊಯ್ಯಿರಿ.

ಹೊರಗಿನ ಎಲೆ ತೆಗೆದು ಸಣ್ಣಗೆ ಹೆಚ್ಚಿ. ಒಂದು ಕಿಲೋಗೆ 20ರಿಂದ 25 ಗ್ರಾಂ ಉಪ್ಪು, ತೂಗಿಯೇ ಹಾಕಿ. ನಮ್ಮ ಬಿಸಿಗೆ 25ರ ಕಡೆಗೇ ಇರಲಿ, ತೀರಾ ಹೆಚ್ಚಾದರೆ ಹುಳಿಯೇ ಏಳುವುದಿಲ್ಲ. ಚೆನ್ನಾಗಿ ಹಿಸುಕಿದರೆ ತನ್ನದೇ ನೀರು ಬಿಡುತ್ತದೆ, ಆ ನೀರಿನಲ್ಲಿ ಎಲೆ ಪೂರ್ತಿ ಮುಳುಗಿರುವಂತೆ ಭರಣಿಗೆ ಒತ್ತಿ ಮೇಲೆ ತೊಳೆದ ಕಲ್ಲು ಇಡಿ. ಮೊದಲು ಲ್ಯೂಕೊನೊಸ್ಟಾಕ್ ಬ್ಯಾಕ್ಟೀರಿಯಾ ಕೆಲಸ ಮಾಡಿ ಗುಳ್ಳೆ ಎಬ್ಬಿಸುತ್ತದೆ, ಘಮ ಕೊಡುವುದು ಇದೇ. ಹುಳಿ ಏರಿದಂತೆ ಲ್ಯಾಕ್ಟೊಬ್ಯಾಸಿಲಸ್ ಜಾತಿಯವು ಬಂದು ಪಿಎಚ್ ಅನ್ನು 3.5ರ ಹತ್ತಿರ ಇಳಿಸುತ್ತವೆ. ಕೋಣೆ ಬಿಸಿಯಾದರೆ ಮೊದಲಿನದ್ದಕ್ಕೆ ಸಮಯವೇ ಸಿಗುವುದಿಲ್ಲ. ಆಗ ಬರೀ ಹುಳಿ ಉಳಿಯುತ್ತದೆ, ಗರಿಗರಿ ಹೋಗುತ್ತದೆ. ನಾನು ದಿನದ ಲೆಕ್ಕಕ್ಕೆ ಇಷ್ಟು ಒತ್ತು ಕೊಡುವುದು ಇದಕ್ಕೇ.

ಬಾಗಲಕೋಟೆ, ವಿಜಯಪುರದವರಿಗೆ ಒಂದು ಅನುಕೂಲ ಇದೆ, ಒಣ ಗಾಳಿ. ಭರಣಿಯನ್ನು ನೆಲದ ಮೇಲೆ, ಉತ್ತರದ ಗೋಡೆ ಪಕ್ಕ ಇಟ್ಟು ಸುತ್ತ ಒದ್ದೆ ಗೋಣಿಚೀಲ ಸುತ್ತಿ. ನೀರು ಆರಿದಂತೆ ಭರಣಿ ತಣ್ಣಗಾಗುತ್ತದೆ. ಬೆಳಿಗ್ಗೆ ಸಂಜೆ ಚೀಲ ನೆನೆಸುತ್ತಿರಿ. ಮೇಲೆ ತೆಳು ಬಿಳಿ ಪೊರೆ ಬಂದರೆ ತೆಗೆದುಹಾಕಿ. ಬೂದು, ಕಪ್ಪು ಬೂಸ್ಟು ಬಂದರೆ ಅಥವಾ ಲೋಳೆಯಾಗಿ ಕೊಳೆತ ವಾಸನೆ ಬಂದರೆ ಇಡೀ ಭರಣಿ ಚೆಲ್ಲಿ. ಮೂರು ವಾರದ ಹೊತ್ತಿಗೆ ರುಚಿ ನೋಡಿ. ಸಾಕು ಅನ್ನಿಸಿದರೆ ಫ್ರಿಜ್ಜಿಗೆ ಹಾಕಿ. ಜೋಳದ ರೊಟ್ಟಿ, ಶೇಂಗಾ ಹಿಂಡಿ ಜೊತೆ ಪಚಡಿಯ ಜಾಗದಲ್ಲಿ ಹಸಿಯಾಗೇ ತಿನ್ನಿ, ಕುದಿಸಿದರೆ ಆ ಬ್ಯಾಕ್ಟೀರಿಯಾ ಸಾಯುತ್ತವೆ.